ಮೊಸರು ಕುದಿಸಿದ ವಿಜ್ಞಾನದ ಮೇಷ್ಟ್ರು

ವಾದಿರಾಜ ಮೇಷ್ಟ್ರಿಗೆ ದೇವರ ಮೇಲೆ ಇದ್ದದ್ದು ಸಾಧಾರಣ ನಂಬಿಕೆ, ಕ್ರಿಮಿಗಳ ಮೇಲೆ ಇದ್ದದ್ದು ಅಚಲವಾದ ನಂಬಿಕೆ. ದೇವರು ಎಲ್ಲೆಲ್ಲೂ ಇದ್ದಾನೆ ಎಂದು ಯಾರಾದರೂ ಅಂದರೆ ಹೂಂಗುಟ್ಟಿ ಸುಮ್ಮನಾಗುತ್ತಿದ್ದರು. ಕ್ರಿಮಿಗಳು ಎಲ್ಲೆಲ್ಲೂ ಇವೆ ಎಂದು ತಾವೇ ಹೇಳಬೇಕಾಗಿ ಬಂದಾಗ ಮಾತ್ರ ಅವರ ಧ್ವನಿ ಭಕ್ತಿಯಿಂದ ನಡುಗುತ್ತಿತ್ತು. ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ವಿಜ್ಞಾನ ಹೇಳಿಕೊಟ್ಟವರು. ಸೂಕ್ಷ್ಮಜೀವಿಗಳ ಪಾಠ ನಡೆಯುವ ವಾರ ಆ ಕ್ಲಾಸಿನ ಮಕ್ಕಳು ಮಧ್ಯಾಹ್ನ ಊಟದ ಡಬ್ಬಿ ತೆಗೆಯುವುದಕ್ಕೇ ಹೆದರುತ್ತಿದ್ದರು. ಕಾಲರಾ, ಟೈಫಾಯ್ಡ್, ಆಮಶಂಕೆ, ಒಂದೊಂದನ್ನೂ ಮೇಷ್ಟ್ರು ತಮ್ಮ ದಾಯಾದಿಗಳ ಬಗ್ಗೆ ಹೇಳುವಷ್ಟು ವಿವರವಾಗಿ ಹೇಳುತ್ತಿದ್ದರು. ಅದೇ ಪಾಠದ ಕೊನೆಯಲ್ಲಿ ಉಪಕಾರಿ ಸೂಕ್ಷ್ಮಜೀವಿಗಳ ಬಗ್ಗೆ ಒಂದು ಪುಟ ಇತ್ತು. ಪರೀಕ್ಷೆಗೆ ಬರುವುದಿಲ್ಲ ಎಂದು ಅದನ್ನು ಪ್ರತಿ ವರ್ಷ ಬಿಟ್ಟುಬಿಡುತ್ತಿದ್ದರು.

ಬಸವನಗುಡಿಯ ಅವರ ಮನೆಯಲ್ಲಿ ತಾಯಿ ಕಮಲಮ್ಮ ಇದ್ದಷ್ಟು ದಿನ ಮಡಿಯದೇ ರಾಜ್ಯ. ಒಗೆದು ಹಾಕಿದ ಸೀರೆಯನ್ನು ಕೋಲಿನಲ್ಲೇ ಎತ್ತಿಕೊಳ್ಳಬೇಕು, ಒಲೆಯ ಹತ್ತಿರ ಯಾರೂ ಸುಳಿಯಬಾರದು. ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದ ವಾದಿರಾಜ ಇದನ್ನು ಕಂಡು ಮನಸಾರೆ ನಗುತ್ತಿದ್ದರು, ಇದೆಲ್ಲ ಮೂಢನಂಬಿಕೆ ಎಂದು ತಾಯಿಗೆ ಭಾಷಣ ಮಾಡುತ್ತಿದ್ದರು. ಆಮೇಲೆ ಸ್ವಂತ ಸಂಸಾರ ಹೂಡಿದಾಗ ಅದೇ ಮಡಿಯನ್ನು ಬಾಟಲಿಯಲ್ಲಿ ತುಂಬಿಸಿ ತಂದರು. ಗಾಂಧಿಬಜಾರಿನಿಂದ ಬಂದ ತರಕಾರಿ, ಹಣ್ಣು, ಸೊಪ್ಪು ಎಲ್ಲವೂ ಪೊಟ್ಯಾಸಿಯಂ ಪರ್ಮಾಂಗನೇಟಿನ ನೀರಿನಲ್ಲಿ ಮುಳುಗೆದ್ದು ಬರಬೇಕು. "ಎಲ್ಲಾ ಒಂದೇ ಬಣ್ಣ ಆಗಿದೆ ರೀ, ಟೊಮೇಟೊ ಯಾವುದು ಬದನೆಕಾಯಿ ಯಾವುದು ಅಂತ ಮುಟ್ಟಿ ನೋಡಿ ಹೆಚ್ಚಬೇಕು," ಎಂದು ಹೆಂಡತಿ ಗೋದಾ ಗೊಣಗುತ್ತಿದ್ದರು. ತಾಯಿಯ ಮಡಿಗೆ ಊಟ ಆದ ಮೇಲಾದರೂ ಬಿಡುವಿತ್ತು. ಮಗನ ಮಡಿಗೆ ಅದೂ ಇರಲಿಲ್ಲ.

ಇಷ್ಟರ ಮೇಲೆ ಆ್ಯಂಟಿಬಯಾಟಿಕ್ ಮಾತ್ರೆಗಳು. ಡಾಕ್ಟರ ಹತ್ತಿರ ಹೋಗುವುದು ಮೇಷ್ಟ್ರ ದೃಷ್ಟಿಯಲ್ಲಿ ಸ್ವಂತ ಬುದ್ಧಿ ಇಲ್ಲದವರ ಕೆಲಸ. ಮನೆಯ ತಿರುವಿನಲ್ಲಿದ್ದ ಮೆಡಿಕಲ್ ಶಾಪಿನ ಚಂದ್ರಶೇಖರಯ್ಯನವರು ಅವರ ಹಳೆಯ ಸ್ನೇಹಿತರು. ಇಬ್ಬರೂ ಕೌಂಟರಿನ ಆಚೀಚೆ ನಿಂತು, ರೋಗವನ್ನೂ ಔಷಧಿಯನ್ನೂ ತಾವೇ ಮಾತಾಡಿಕೊಂಡು ತೀರ್ಮಾನ ಮಾಡುತ್ತಿದ್ದರು.

"ಗಂಟಲು ಕೆರೀತಿದೆ, ಚಂದ್ರಶೇಖರಯ್ಯನೋರೆ."

"ಹೋದ್ಸಲದ್ದೇ ಕೊಡ್ಲಾ ಮೇಷ್ಟ್ರೇ? ಇಲ್ಲಾ ಸ್ವಲ್ಪ ಪವರ್ ಜಾಸ್ತಿ ಇರೋದೊಂದು ಹೊಸದು ಬಂದಿದೆ."

"ಜಾಸ್ತಿದೇ ಕೊಡಿ. ಒಂದೂ ಉಳೀಬಾರ್ದು."

ಒಂದೂ ಉಳಿಯುತ್ತಿರಲಿಲ್ಲ. ಸೀನಿದರೆ ಒಂದು, ಮಳೆಯಲ್ಲಿ ನೆನೆದರೆ ಎರಡು. ಯಾರದಾದರೂ ಮದುವೆಗೋ ಮುಂಜಿಗೋ ಹೋದರೆ ಮುಂಜಾಗ್ರತೆಗೆಂದು ಜೇಬಿನಲ್ಲಿ ಕ್ಯಾಪ್ಸೂಲ್ ಇದ್ದೇ ಇರುತ್ತಿತ್ತು. ಎಲೆಯ ಮುಂದೆ ಕೂತು, ನೀರು ಸುತ್ತುಗಟ್ಟಿ, ಎಲೆಯ ಪಕ್ಕದಲ್ಲಿ ಚಿತ್ರಾಹುತಿಯ ಅನ್ನದಗುಳು ಇಟ್ಟು, ಅದೇ ಶ್ರದ್ಧೆಯಿಂದ ಕ್ಯಾಪ್ಸೂಲನ್ನೂ ನುಂಗಿ ಊಟಕ್ಕೆ ತೊಡಗುತ್ತಿದ್ದರು. ಪಕ್ಕದಲ್ಲಿ ಕೂತವರು ಬಿಪಿ ಮಾತ್ರೆಯೆಂದುಕೊಂಡು ಅಯ್ಯೋ ಪಾಪ ಅನ್ನುತ್ತಿದ್ದರು.

ಎರಡು ಸಾವಿರನೇ ಇಸವಿಯ ದೀಪಾವಳಿ ಕಳೆದ ಮೇಲೆ ಹೊಟ್ಟೆ ತಿರುಗಿಬಿತ್ತು. ಮೊದಲು ನರಕಚತುರ್ದಶಿಯ ಕಜ್ಜಾಯದ ಮೇಲೆ ಅನುಮಾನ ಪಟ್ಟು ಒಂದು ಕೋರ್ಸ್ ಮಾತ್ರೆ ತೆಗೆದುಕೊಂಡರು. ಕಡಿಮೆ ಆಗಲಿಲ್ಲ ಎಂದು ಇನ್ನೊಂದು ಕೋರ್ಸ್. ಅದರ ಮೇಲೆ ಬೆಳಗಾದರೆ ಪಾಯಖಾನೆ, ಊಟವಾದರೆ ಪಾಯಖಾನೆ, ಊಟದ ಮಾತೆತ್ತಿದರೂ ಪಾಯಖಾನೆ. ಸಣ್ಣಗೆ ಜ್ವರ, ಮಂಡಿ ಹಿಡಿದುಕೊಂಡಂಥ ನೋವು, ಯಾವುದರಲ್ಲೂ ಮನಸ್ಸಿಲ್ಲದ ಒಂದು ಮಂಕು. ತರಗತಿಯ ಮಧ್ಯೆ ಹೊಟ್ಟೆ ಹಿಡಿದುಕೊಂಡರೆ, ಇದ್ದಕ್ಕಿದ್ದಂತೆ ಮಕ್ಕಳಿಗೆ ಟೆಸ್ಟ್ ಕೊಟ್ಟು ಓಡುತ್ತಿದ್ದರು. ಆ ವರ್ಷ ಆ ಶಾಲೆಯ ಮಕ್ಕಳು ಬರೆದಷ್ಟು ಟೆಸ್ಟುಗಳನ್ನು ಬೆಂಗಳೂರಿನ ಬೇರೆ ಯಾವ ಮಕ್ಕಳೂ ಬರೆದಿರಲಾರರು. ಮನೆಗೂ ಶಾಲೆಗೂ ನಡುವೆ ಯಾವ ಹೋಟೆಲಿನ ಹಿಂಭಾಗದಲ್ಲಿ ಬಾಗಿಲು ಭದ್ರವಾಗಿದೆ, ಯಾವುದರ ಚಿಲಕ ಕಿತ್ತುಹೋಗಿದೆ ಎಂಬುದು ಮೇಷ್ಟ್ರಿಗೆ ಕಂಠಪಾಠವಾಗಿತ್ತು. ಯಾವ ಹೋಟೆಲಿನಲ್ಲೂ ನೀರು ಸಹ ಕುಡಿಯದ ಮನುಷ್ಯ ಈಗ ಎಲ್ಲ ಹೋಟೆಲುಗಳಿಗೂ ಹಿಂದಿನಿಂದ ಗಿರಾಕಿಯಾದರು.

ಇಷ್ಟೇ ಆಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಒಬ್ಬಳೇ ಮಗಳು ಸುಪ್ರಜಾಳ ಮದುವೆ ಮಾಘ ಮಾಸದಲ್ಲಿ ನಿಶ್ಚಯವಾಗಿತ್ತು. ಹುಡುಗ ವೈಯಾಲಿಕಾವಲ್‌ನವನು, ಕಾಲೇಜಿನಲ್ಲಿ ಲೆಕ್ಚರರ್, ಒಳ್ಳೆಯ ಮನೆತನ. ಮದುವೆಯ ಉಳಿದ ಕೆಲಸವನ್ನೆಲ್ಲ ಯಾರಿಗಾದರೂ ಒಪ್ಪಿಸಬಹುದು. ಲಗ್ನಪತ್ರಿಕೆಗೆ ಸುಲ್ತಾನ್‌ಪೇಟೆಗೆ ಗೋದಾ ಹೋಗಿಬಂದರು, ಸೀರೆಗೆ ಚಿಕ್ಕಪೇಟೆಗೆ ಮಗಳೇ ಹೋದಳು. ಆದರೆ ಧಾರೆಯ ದಿನ ತಂದೆಯಾದವನು ಮಡಿಯುಟ್ಟು ಮಣೆಯ ಮೇಲೆ ಕೂರಬೇಕು. ಒಂದು ಸಲ ಕೂತು ಸಂಕಲ್ಪ ಮಾಡಿದ ಮೇಲೆ ಮಗಳ ಕೈಯನ್ನು ಅಳಿಯನ ಕೈಗೆ ಕೊಡುವವರೆಗೆ ಏಳುವ ಹಾಗಿಲ್ಲ. ಎದ್ದು ಪಾಯಖಾನೆಗೆ ಹೋದರೆ ಮಡಿ ಕೆಟ್ಟಿತು, ಮತ್ತೆ ತಲೆಗೆ ಸ್ನಾನವಾಗಬೇಕು, ಅಷ್ಟರಲ್ಲಿ ಮುಹೂರ್ತ ಕೈತಪ್ಪೀತು. ಬೀಗರಿಗೆ ವಿಷಯ ಗೊತ್ತಾದರೆ ಮನೆತನದ ಕಾಯಿಲೆಯೇನೋ ಎಂದುಕೊಂಡಾರು ಎಂಬ ಭಯ ಬೇರೆ. ಮೇಷ್ಟ್ರ ತಮ್ಮ ಚಕ್ರಪಾಣಿ ಒಂದು ದಿನ ಬಂದವರು ಮಾತಿನ ಮಧ್ಯೆ, "ನೀನೇನೂ ಯೋಚ್ನೆ ಮಾಡ್ಬೇಡ ಅಣ್ಣ. ಆಗ್ದಿದ್ರೆ ನಾನು ಕೂತ್ಕೊಂಡು ಧಾರೆ ಎರೆದುಕೊಡ್ತೀನಿ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಮೇಷ್ಟ್ರಿಗೆ ಮಾತ್ರ ತಮ್ಮನನ್ನು ಮೆಟ್ಟಿಲಿನಿಂದ ಕೆಳಕ್ಕೆ ತಳ್ಳಿಬಿಡಬೇಕೆನ್ನಿಸಿತು. ಮಗಳ ಧಾರೆಯನ್ನು ತಾನೇ ಎರೆಯಬೇಕು ಎಂಬ ಆಸೆ ಅಷ್ಟು ಗಟ್ಟಿಯಾಗಿದೆ ಎಂದು ಅವರಿಗೂ ಆವತ್ತೇ ಗೊತ್ತಾದದ್ದು.

ಕೊನೆಗೆ ಗೋದಾ ಅವರನ್ನು ಎಳೆದುಕೊಂಡು ಹೋದದ್ದು ಲಾವಣ್ಯಾ ಎಂಬ ಕರುಳಿನ ಡಾಕ್ಟರ ಹತ್ತಿರ. ಆಕೆ ಚಿಕ್ಕ ವಯಸ್ಸಿನವರು. ಮೇಷ್ಟ್ರು ತಲೆ ತಗ್ಗಿಸಿ, ದಿನಕ್ಕೆ ಎಷ್ಟು ಸಲ, ಗಟ್ಟಿಯೋ ನೀರೋ ಎಂಬುದನ್ನೆಲ್ಲ ಗೋಡೆಯ ಕ್ಯಾಲೆಂಡರಿಗೆ ಹೇಳಿದರು. ಪರೀಕ್ಷೆಗಳೆಲ್ಲ ಆದವು. ಕರುಳಿನ ಒಳಗೆ ಟ್ಯೂಬ್ ಬಿಟ್ಟೂ ನೋಡಿದರು. ಡಾಕ್ಟರು ವರದಿ ಮುಂದಿಟ್ಟುಕೊಂಡು, ಇಷ್ಟು ವರ್ಷ ಏನೇನು ಮಾತ್ರೆ ತಗೊಂಡಿದ್ದೀರಿ ಎಂದು ಕೇಳಿದರು. ಮೇಷ್ಟ್ರು ಹೇಳುತ್ತಾ ಹೋದರು. ಡಾಕ್ಟರ ಹುಬ್ಬು ಮೇಲೇರುತ್ತಾ ಹೋಯಿತು.

"ನೋಡಿ ಮೇಷ್ಟ್ರೇ," ಎಂದರು ಆಕೆ. "ನಿಮ್ಮ ಕರುಳು ಒಂದು ವಠಾರ ಅಂದ್ಕೊಳ್ಳಿ. ಅದ್ರಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಬಾಡಿಗೆಗಿರ್ತವೆ. ಬಾಡಿಗೆನೂ ಸರಿಯಾಗಿ ಕೊಡ್ತವೆ. ನಮಗೆ ಅರಗದ ನಾರನ್ನ ಅವು ತಿಂದು, ಕರುಳಿನ ಒಳಗೋಡೆಗೆ ಬೇಕಾದ ಆಹಾರ ಮಾಡಿಕೊಡ್ತವೆ. ಕಾವಲಿಗಿರೋ ರೋಗನಿರೋಧಕ ಕಣಗಳಿಗೆ ಯಾರನ್ನ ಹಿಡೀಬೇಕು, ಯಾರನ್ನ ಬಿಡಬೇಕು ಅಂತ ಕಲಿಸ್ತವೆ. ನೀವು ವರ್ಷಗಟ್ಟಲೆ ಅವರನ್ನ ಖಾಲಿ ಮಾಡಿಸ್ತಾನೇ ಬಂದ್ರಿ."

"ಕೆಟ್ಟವು ಹೋಗ್ಲಿ ಅಂತ," ಎಂದರು ಮೇಷ್ಟ್ರು.

"ಮಾತ್ರೆಗೆ ಒಳ್ಳೇವ್ಯಾವು ಕೆಟ್ಟವ್ಯಾವು ಅಂತ ಗೊತ್ತಾಗಲ್ಲ. ಈಗ ಖಾಲಿ ಮನೆಗಳಿಗೆ ಪುಂಡರು ಬಂದು ಸೇರ್ಕೊಂಡಿದಾರೆ. ಕಾವಲಿನವರು ಗಾಬರಿಯಾಗಿ ಕೂಗಾಡ್ತಿದಾರೆ. ಆ ಕೂಗು ಅಂದ್ರೆ ಒಂದು ಕಣ ಇನ್ನೊಂದಕ್ಕೆ ಕಳಿಸೋ ರಾಸಾಯನಿಕ ಸಂದೇಶ, ಅದಕ್ಕೆ ಸೈಟೊಕೈನ್ ಅಂತಾರೆ. ಗಾಯ ಆದಾಗ, ಸೋಂಕು ಬಂದಾಗ ಆ ಕೂಗು ಬೇಕೇ ಬೇಕು. ಆದ್ರೆ ನಿಲ್ಲಿಸದೇ ಕೂಗ್ತಾ ಇದ್ರೆ ಕರುಳು ಊದ್ಕೊಳ್ಳತ್ತೆ. ಕೂಗು ರಕ್ತದಲ್ಲಿ ಸೇರಿ ಮೈಯೆಲ್ಲಾ ಓಡಾಡತ್ತೆ. ಮಂಡಿ ನೋವು, ಜ್ವರ, ಸುಸ್ತು, ಮಂಕು, ಸಿಡುಕು, ಎಲ್ಲದ್ರಲ್ಲೂ ಅದರ ಪಾಲು ಇರಬಹುದು."

ಗೋದಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಸಿಡುಕಿಗೂನಾ ಡಾಕ್ಟ್ರೇ?"

"ಸ್ವಲ್ಪ ಮಟ್ಟಿಗೆ ಹೌದು."

"ಇವರಿಗೆ ಮದುವೆಯಾದಾಗ್ನಿಂದ ಇದೆ."

"ಅಷ್ಟು ಹಳೇದಕ್ಕೆ ಸೈಟೊಕೈನ್ ಕಾರಣ ಆಗಿರಲಿಕ್ಕಿಲ್ಲಮ್ಮ," ಎಂದರು ಡಾಕ್ಟರು.

ಊತ ಇಳಿಯಲು ಮಾತ್ರೆ ಬರೆದುಕೊಟ್ಟರು. ಇನ್ನು ಮುಂದೆ ತಾವು ಬರೆಯದ ಹೊರತು ಯಾವ ಆ್ಯಂಟಿಬಯಾಟಿಕ್ಕನ್ನೂ ಮುಟ್ಟಕೂಡದು ಎಂದು ಎಚ್ಚರಿಸಿದರು. ಹೊಟ್ಟೆ ತಡೆದಷ್ಟು ಸೊಪ್ಪು, ಹಣ್ಣು, ಕಾಳು ನಿಧಾನವಾಗಿ ಶುರುಮಾಡಿ, ದಿನಾ ಮನೆಯ ಮೊಸರು ತಿನ್ನಿ, ಮೊಸರೇ ಔಷಧಿಯಲ್ಲ, ಆದರೆ ಹೊಸ ಬಾಡಿಗೆದಾರರು ಬರುವುದಕ್ಕೆ ಒಂದು ದಾರಿ ಎಂದೂ ಹೇಳಿದರು. ಮೇಷ್ಟ್ರು ತಲೆಯಾಡಿಸಿದರು. ಮನೆಗೆ ಬರುವ ಹೊತ್ತಿಗೆ ಅವರಿಗೆ ವಿಷಯ ಪೂರ್ತಿ ಅರ್ಥವಾಗಿತ್ತು. ಅಂದರೆ, ಅರ್ಥವಾಗಿದೆ ಎಂದು ಅವರು ತಿಳಿದುಕೊಂಡಿದ್ದರು.

ಒಳ್ಳೆಯ ಬ್ಯಾಕ್ಟೀರಿಯಾ ಬೇಕು, ಸರಿ. ಆದರೆ ಆ ಮೊಸರಿನ ಪಾತ್ರೆ ಅಡಿಗೆಮನೆಯಲ್ಲಿ ರಾತ್ರಿಯೆಲ್ಲ ಇರುತ್ತದೆ, ಹೆಪ್ಪನ್ನು ಗೋದಾ ಕೈಯಲ್ಲೇ ಹಾಕುತ್ತಾರೆ, ಹಿಂದಿನ ದಿನದ ಚಮಚ ಬೇರೆ. ಒಳ್ಳೆಯವರ ಜೊತೆ ಕೆಟ್ಟವರೂ ಸೇರಿಕೊಂಡಿದ್ದರೆ ಏನು ಗತಿ? ಮೇಷ್ಟ್ರಿಗೆ ಬೇಕಾದದ್ದು ಶುದ್ಧವಾದ ಒಳ್ಳೆಯ ಬ್ಯಾಕ್ಟೀರಿಯಾ. ಆದ್ದರಿಂದ ಪ್ರತಿ ದಿನ ಬೆಳಿಗ್ಗೆ, ಗೋದಾ ದೇವರಮನೆಯಲ್ಲಿದ್ದಾಗ, ಒಂದು ಬಟ್ಟಲು ಮೊಸರನ್ನು ಸ್ಟೀಲ್ ಪಾತ್ರೆಗೆ ಹಾಕಿ, ಒಲೆಯ ಮೇಲಿಟ್ಟು, ಚೆನ್ನಾಗಿ ಕುದಿಸಿದರು. ಮೊಸರು ಒಡೆದು ನೀರು ಒಂದು ಕಡೆ, ರಬ್ಬರಿನಂಥ ಉಂಡೆ ಒಂದು ಕಡೆ ಆಗುತ್ತಿತ್ತು. ಅದನ್ನು ಆರಿಸಿ, ಮೂಗು ಹಿಡಿದು ನುಂಗಿದರು. ಡಾಕ್ಟರ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ರೋಗಿ ಊರಿನಲ್ಲೇ ಇಲ್ಲ ಎಂಬ ಹೆಮ್ಮೆಯೂ ಇತ್ತು. ಸೊಪ್ಪನ್ನು ಪರ್ಮಾಂಗನೇಟಿನಲ್ಲಿ ತೊಳೆದು, ಕುಕ್ಕರಿನಲ್ಲಿ ಅದು ಸೊಪ್ಪೋ ಸಗಣಿಯೋ ತಿಳಿಯದಷ್ಟು ಹೊತ್ತು ಬೇಯಿಸಿ ತಿಂದರು. ಡಿಸೆಂಬರ್ ಮುಗಿಯಿತು. ಮಂಡಿನೋವು ಸ್ವಲ್ಪ ಇಳಿದದ್ದು ಬಿಟ್ಟರೆ ಹೊಟ್ಟೆ ಇದ್ದ ಹಾಗೇ ಇತ್ತು.

ಮತ್ತೆ ಡಾಕ್ಟರ ಹತ್ತಿರ ಹೋದಾಗ ಮೇಷ್ಟ್ರು ಜಗಳಕ್ಕೇ ತಯಾರಾಗಿದ್ದರು. "ನೀವು ಹೇಳಿದ್ದನ್ನ ಒಂದೂ ಬಿಡದೆ ಮಾಡಿದೀನಿ. ಮೊಸರಂತೂ ಒಂದು ದಿನಾನೂ ತಪ್ಪಿಸಿಲ್ಲ."

"ಹೇಗೆ ತಿಂತಿದೀರಿ? ಅನ್ನಕ್ಕೆ ಕಲಸ್ಕೊಂಡಾ?"

"ಇಲ್ಲ. ಕುದಿಸಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಗೋದಾ ಗಂಡನ ಕಡೆ ತಿರುಗಿದರು. ಬೆಳಿಗ್ಗೆ ಬೆಳಿಗ್ಗೆ ಸೀದ ಪಾತ್ರೆ ಯಾಕೆ ಬಚ್ಚಲಿಗೆ ಬೀಳುತ್ತಿತ್ತು ಎಂಬುದು ಆಕೆಗೆ ಈಗ ಗೊತ್ತಾಯಿತು.

"ಮೇಷ್ಟ್ರೇ, ಹಾಲಿಗೆ ಹೆಪ್ಪು ಹಾಕೋ ಮುಂಚೆ ಏನು ಮಾಡ್ತಾರೆ?"

"ಕಾಯಿಸ್ತಾರೆ. ಆಮೇಲೆ ಉಗುರುಬೆಚ್ಚಗಾಗೋ ತನಕ ಆರಿಸ್ತಾರೆ."

"ಯಾಕೆ ಆರಿಸ್ತಾರೆ?"

"ತುಂಬಾ ಬಿಸಿ ಇದ್ರೆ ಹೆಪ್ಪಿನಲ್ಲಿರೋ ಬ್ಯಾಕ್ಟೀರಿಯಾ ಸತ್ತು..." ಎಂದು ಶುರುಮಾಡಿದ ಮೇಷ್ಟ್ರು ಅಲ್ಲಿಗೇ ನಿಂತರು. ಮುಂದಿನದನ್ನು ಹೇಳುವ ಅಗತ್ಯ ಬೀಳಲಿಲ್ಲ. ಇಪ್ಪತ್ತೈದು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರಿಗೆ ಆವತ್ತು ತಾವೇ ಡಾಕ್ಟರ ಮೇಜಿನ ಮೇಲೆ ನಿಂತ ಹಾಗಾಯಿತು. ಬಾಡಿಗೆದಾರರನ್ನು ಮನೆಗೆ ಬನ್ನಿ ಎಂದು ಕರೆದು ಬಾಗಿಲಲ್ಲೇ ಸುಟ್ಟುಹಾಕಿದ ಮಹಾನುಭಾವ ತಾನು ಎಂದು ಅವರು ಆಮೇಲೆ ಸ್ಟಾಫ್‌ರೂಮಿನಲ್ಲಿ ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದಾರೆ. ಆವತ್ತು ಮಾತ್ರ ನಗು ಬರಲಿಲ್ಲ. ಮದುವೆಗೆ ಆರು ವಾರವಷ್ಟೇ ಉಳಿದಿತ್ತು.

ಮನೆಗೆ ಬಂದವರೇ ಪರ್ಮಾಂಗನೇಟಿನ ಬಾಟಲಿಯನ್ನು ಗೋದಾ ಕೈಗೆ ಕೊಟ್ಟುಬಿಟ್ಟರು. ಮೊದಲ ದಿನ ಹಸಿ ಮೊಸರು ಕಲಸಿದ ಅನ್ನದ ತುತ್ತನ್ನು ಬಾಯಿಗಿಟ್ಟಾಗ ಅವರ ಮುಖ ವಿಷ ಕುಡಿಯುವವರ ಹಾಗಿತ್ತು. "ನುಂಗಿ, ನಾನು ಇಲ್ಲೇ ಕೂತಿದೀನಿ," ಎಂದರು ಗೋದಾ. ವಾರ ಕಳೆಯಿತು, ಎರಡು ವಾರ ಕಳೆಯಿತು. ಮಾತ್ರೆಯೋ, ಮೊಸರೋ, ಸೊಪ್ಪೋ, ಕ್ಯಾಪ್ಸೂಲ್ ಬಿಟ್ಟದ್ದೋ, ಯಾವುದು ಎಷ್ಟು ಕೆಲಸ ಮಾಡಿತೆಂದು ಡಾಕ್ಟರಿಗೂ ಹೇಳಲಾಗಲಿಲ್ಲ. ಜ್ವರ ಬಿಟ್ಟಿತು. ಒಂದು ಸಂಜೆ ಮೇಷ್ಟ್ರು ತಾವಾಗಿಯೇ ರೇಡಿಯೋ ಹಾಕಿದ್ದನ್ನು ಕಂಡು ಗೋದಾಗೆ ಕಣ್ಣು ತುಂಬಿ ಬಂತು. ಆದರೂ ಹೊಟ್ಟೆಯ ಮೇಲೆ ಪೂರ್ತಿ ಭರವಸೆ ಇಡುವ ಹಾಗಿರಲಿಲ್ಲ, ಎಂಟು ದಿನ ಒಳ್ಳೆಯದಿದ್ದು ಒಂಬತ್ತನೇ ದಿನ ಕೈಕೊಡುತ್ತಿತ್ತು. ಮೇಷ್ಟ್ರು ದಿನಾ ಸಂಜೆ ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಧಾರೆಯ ರಿಹರ್ಸಲ್ ನಡೆಸಿದರು. ಮಗಳು ಬ್ಯಾಂಕಿನ ಕೆಲಸ ಮುಗಿಸಿ ಬರುವಾಗ ಅಪ್ಪ ಸುಮ್ಮನೆ ಗೋಡೆ ನೋಡಿಕೊಂಡು ಮಣೆಯ ಮೇಲೆ ಕೂತಿರುವುದನ್ನು ಕಂಡು, ಏನೂ ಕೇಳದೆ ಒಳಗೆ ಹೋಗುತ್ತಿದ್ದಳು.

ಮದುವೆಯ ದಿನ ಬಂದೇ ಬಂತು. ಛತ್ರದ ಬಾಗಿಲಲ್ಲಿ ಚಂದ್ರಶೇಖರಯ್ಯನವರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು, ಕೈಗೆ ಹಳೆಯ ಆ್ಯಂಟಿಬಯಾಟಿಕ್ಕಿನ ಒಂದು ಕ್ಯಾಪ್ಸೂಲ್ ತುರುಕಿದರು. "ಇವತ್ತೊಂದಿನ ಹಾಕ್ಕೊಂಡ್ಬಿಡಿ ಮೇಷ್ಟ್ರೇ. ಗಟ್ಟಿಯಾಗಿ ನಿಂತ್ಕೊಳ್ಳತ್ತೆ."

ಮೇಷ್ಟ್ರು ಅದನ್ನು ನೋಡಿದರು. ಬಹಳ ಆಸೆಯಿಂದಲೇ ನೋಡಿದರು. "ಬೇಡ ಚಂದ್ರಶೇಖರಯ್ಯನೋರೆ. ಈಗ ತಾನೇ ನಾಲ್ಕು ಜನ ಬಂದು ಸೇರಿದಾರೆ," ಎಂದು ವಾಪಸ್ಸು ಕೊಟ್ಟರು. ಯಾರು ಬಂದು ಸೇರಿದ್ದಾರೆಂದು ತಿಳಿಯದೆ ಚಂದ್ರಶೇಖರಯ್ಯನವರು ಛತ್ರದೊಳಗೆ ಇಣುಕಿ ನೋಡಿದರು.

ವರಪೂಜೆ ಆಯಿತು. ಮೇಷ್ಟ್ರು ಮಣೆಯ ಮೇಲೆ, ಪಕ್ಕದಲ್ಲಿ ಗೋದಾ, ಎದುರಿಗೆ ಅಳಿಯ. ಸುಪ್ರಜಾ ತಲೆ ತಗ್ಗಿಸಿ ಕೂತಿದ್ದಳು. ಪುರೋಹಿತರಿಗೂ ಅವಳಿಗೂ ನಡುವೆ ಮೈಕು. ಅವರು ಮಹಾಸಂಕಲ್ಪ ಹಿಡಿದರು. ಜಂಬೂದ್ವೀಪದಿಂದ ಹೊರಟು, ಭರತಖಂಡಕ್ಕೆ ಬಂದು, ನದಿಗಳನ್ನೆಲ್ಲ ಒಂದೊಂದಾಗಿ ದಾಟಿ ಬರುತ್ತಿದ್ದರು. ಗೋದಾವರಿಯ ಹತ್ತಿರ ಮೇಷ್ಟ್ರ ಹೊಟ್ಟೆ ಒಮ್ಮೆ ಹೊರಳಿತು. ಕೃಷ್ಣೆಯಲ್ಲಿ ಬೆವರೊಡೆಯಿತು. ಕಾವೇರಿಯ ಹೊತ್ತಿಗೆ ಇನ್ನು ತಡೆಯುವ ಮಾತೇ ಇರಲಿಲ್ಲ.

"ಗೋದಾ, ಆಗಲ್ಲ," ಎಂದರು ಪಿಸುಮಾತಿನಲ್ಲಿ.

ಪುರೋಹಿತರಿಗೆ ಅರ್ಥವಾಯಿತು. ಮೈಕಿನಿಂದ ಮುಖ ಸರಿಸಿ, "ಎದ್ರೆ ಮತ್ತೆ ಸ್ನಾನ ಆಗ್ಬೇಕಲ್ಲ ಮೇಷ್ಟ್ರೇ. ಮುಹೂರ್ತ ಮೀರ್ಬಾರ್ದು. ತಮ್ಮನವರು ಮಡೀಲಿದಾರೆ, ಅವರೇ ಕೂತ್ಕೊಳ್ಳಲಿ," ಎಂದರು. ಚಕ್ರಪಾಣಿ ಆಗಲೇ ಪಂಚೆ ಸರಿಮಾಡಿಕೊಂಡು ಹತ್ತಿರ ಬಂದಿದ್ದರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ಎದ್ದರು. ಸೋತುಹೋದೆ ಅನ್ನಿಸಿತು.

ಆಗ ಸುಪ್ರಜಾ ತಲೆಯೆತ್ತಿದಳು. "ಚಿಕ್ಕಪ್ಪ, ನೀವು ಕೂತ್ಕೋಬೇಡಿ," ಎಂದಳು. ಮೈಕು ಅವಳ ಮುಂದೆಯೇ ಇತ್ತು. "ಅಪ್ಪಂಗೆ ಹೊಟ್ಟೆ ಸರಿ ಇಲ್ಲ. ಟಾಯ್ಲೆಟ್ಟಿಗೆ ಹೋಗಿ, ಸ್ನಾನ ಮಾಡ್ಕೊಂಡು ಬರ್ತಾರೆ. ಅವರು ಬರೋ ತನಕ ನಾನು ಕಾಯ್ತೀನಿ."

ಮಾತು ಇಡೀ ಛತ್ರಕ್ಕೆ ಕೇಳಿಸಿತು. ಊಟದ ಹಾಲಿನಲ್ಲಿ ಎಲೆ ಹಾಕುತ್ತಿದ್ದವರಿಗೂ ಕೇಳಿಸಿತು, ಹಿತ್ತಲಿನಲ್ಲಿ ಪಾಯಸ ತಿರುವುತ್ತಿದ್ದ ಅಡಿಗೆಯವರಿಗೂ ಕೇಳಿಸಿತು. ಮೂರು ತಿಂಗಳು ಮುಚ್ಚಿಟ್ಟ ಗುಟ್ಟು ಮೂರು ಮಾತಿನಲ್ಲಿ ಊರಿಗೆಲ್ಲ ಹೋಯಿತು. ವಾದ್ಯದವರು ಏನು ಮಾಡುವುದೆಂದು ತಿಳಿಯದೆ ಒಂದು ಕೀರ್ತನೆ ನುಡಿಸಲು ಶುರುಮಾಡಿದರು.

ಮೇಷ್ಟ್ರು ಬಚ್ಚಲಿನಲ್ಲಿ ತಣ್ಣೀರು ಸುರಿದುಕೊಳ್ಳುವಾಗ ಹೊರಗೆ ನಗು ಕೇಳಿಸುತ್ತದೆಯೇ ಎಂದು ಕಿವಿಗೊಟ್ಟರು. ಬರೀ ನಾಗಸ್ವರ ಕೇಳಿಸಿತು. ಒದ್ದೆ ಪಂಚೆಯಲ್ಲೇ ನಡುಗುತ್ತಾ ಬಂದಾಗ, ಅವರು ಯಾರಿಗೆ ಹೆದರಿದ್ದರೋ ಆ ಬೀಗರೇ ಜನರನ್ನು ಸರಿಸಿ ದಾರಿ ಬಿಡಿಸುತ್ತಿದ್ದರು. "ನಿಧಾನಕ್ಕೆ ಬನ್ನಿ, ಇನ್ನೂ ಟೈಮಿದೆ," ಎಂದರು. ಸಾಲಿನಲ್ಲಿ ಕೂತ ಯಾರೋ ಹೆಂಗಸು, ದಾಳಿಂಬೆ ಸಿಪ್ಪೆ ಅರೆದು ಮಜ್ಜಿಗೆಯಲ್ಲಿ ಕುಡಿಯಬೇಕು ಎಂದು ಪಕ್ಕದವರಿಗೆ ಹೇಳುತ್ತಿದ್ದರು.

ಮೇಷ್ಟ್ರು ಮಣೆಯ ಮೇಲೆ ಕೂತರು. ಹೊಟ್ಟೆ ತಣ್ಣಗಾಗಿತ್ತು, ಮುಹೂರ್ತವೂ ಉಳಿದಿತ್ತು. ಪುರೋಹಿತರು ಮಗಳ ಕೈಯನ್ನು ಅವರ ಕೈಯಲ್ಲಿಟ್ಟು ಮಂತ್ರ ಹೇಳಿಕೊಡತೊಡಗಿದರು. ಗೋದಾ ನೀರಿನ ಗಿಂಡಿ ಹಿಡಿದು ಕಾಯುತ್ತಿದ್ದರು. ಇನ್ನು ಉಳಿದದ್ದು ಒಂದೇ ಮಾತು, ಕೊಟ್ಟಿದ್ದೇನೆ ಎಂದು.

ಮೇಷ್ಟ್ರ ಬಾಯಿಂದ ಅದು ಬರಲಿಲ್ಲ. ಈ ಮೂರು ತಿಂಗಳು ಹಗಲೂ ರಾತ್ರಿ ಅವರು ಯೋಚಿಸಿದ್ದು ಈ ಗಳಿಗೆಯವರೆಗೆ ಕೂರುವುದು ಹೇಗೆ ಎಂದು ಮಾತ್ರ. ಕರುಳಿನ ಬಗ್ಗೆ ಯೋಚಿಸಿದ್ದರು, ಬೀಗರ ಬಗ್ಗೆ ಯೋಚಿಸಿದ್ದರು, ತಮ್ಮನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದರು. ಹಾಗೆ ಕೂತು ಮುಗಿಸಿದರೆ ಮಗಳು ಮನೆಯಿಂದ ಹೊರಟುಹೋಗುತ್ತಾಳೆ ಎಂಬುದು ಒಂದು ದಿನವೂ ತಲೆಗೆ ಬಂದಿರಲಿಲ್ಲ. ಇಷ್ಟು ಕಷ್ಟಪಟ್ಟು ಕೂತದ್ದು ಇದಕ್ಕಾ ಎಂದು ಅವರಿಗೆ ಗಾಬರಿಯಾಯಿತು. ಆ ಪುಟ್ಟ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹೇಳಿ ಮೇಷ್ಟ್ರೇ," ಎಂದರು ಪುರೋಹಿತರು.

"ಅಪ್ಪ, ಮತ್ತೆ ಹೊಟ್ಟೆನಾ?" ಎಂದು ಸುಪ್ರಜಾ ಮೆಲ್ಲಗೆ ಕೇಳಿದಳು.

"ಅಲ್ಲಮ್ಮ," ಎಂದರು ಮೇಷ್ಟ್ರು. "ಈ ಸಲ ಹೊಟ್ಟೆ ಅಲ್ಲ."

ಅದೂ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಆಮೇಲೆ ಅವರು ಮಂತ್ರ ಹೇಳಿ, ಮಗಳ ಕೈಯನ್ನು ಅಳಿಯನ ಕೈಗೆ ಬಿಟ್ಟರು.